ಕಳ್ಳಿಯ ಹಾಲು

ಆ ಏಳಂತಸ್ತಿನ ಕಚೇರಿಯಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನು. “ಇಲ್ಲಿ ಮೇಲೆ ಬಂದವ್ರನ್ನೆಲ್ಲ ನಾನೇ ತಂದಿದ್ದು” ಎಂದು ಹೊಸಬರ ಮುಂದೆ ಚಟಾಕಿ ಹಾರಿಸುತ್ತಿದ್ದ.

ಐದನೇ ಮಹಡಿಯ ಟೈಪಿಸ್ಟ್ ವರ್ಗವಾಗಿ ಹೋಗುವಾಗ ಒಂದು ಕಳ್ಳಿಗಿಡವನ್ನು ಲಿಫ್ಟಿನಲ್ಲೇ ಬಿಟ್ಟುಹೋದಳು. ಅತಿಯಾಗಿ ನೀರು ಕುಡಿದು ಬುಡ ಕೊಳೆತಿತ್ತು. ಅವನು ಅದನ್ನು ಮನೆಗೆ ತಂದು, ಕೊಳೆತದ್ದನ್ನು ಕತ್ತರಿಸಿ, ಉಳಿದ ತುಂಡನ್ನು ಹತ್ತು ದಿನ ನೆರಳಲ್ಲಿ ಒಣಗಿಸಿ ಮರಳುಮಣ್ಣಿನಲ್ಲಿ ಊರಿದ. ಅದು ಬದುಕಿತು. ಅಲ್ಲಿಂದ ಹುಚ್ಚು ಹಿಡಿಯಿತು. ಆರು ವರ್ಷದಲ್ಲಿ ತಾರಸಿಯ ತುಂಬ ಕುಂಡಗಳಾದವು. ಕಿಟಕಿಯಿಲ್ಲದ ಡಬ್ಬಿಯಲ್ಲಿ ದಿನ ಕಳೆಯುವವನಿಗೆ ಬೆಳಗಿನ ಆ ಅರ್ಧ ಗಂಟೆಯೇ ಸುಖ. ಕಳ್ಳಿಯ ವಿಷಯದಲ್ಲಿ ಯಾರೇನು ಹೇಳಿದರೂ ಕೇಳುವವನಲ್ಲ.

ಹೆಂಡತಿ ದರ್ಜಿ ಅಂಗಡಿಗಳಿಗೆ ಅಂಗಿಗಳ ಗುಂಡಿತೂತಿನ ಕಾಜಾ ಹೊಲಿದುಕೊಡುತ್ತಿದ್ದಳು. ಅವಳ ಕೈಯ ಕಾಜಾ ಎಂದರೆ ದರ್ಜಿಗಳು ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತಿದ್ದರು.

ಒಂದು ಭಾನುವಾರ ಆಳೆತ್ತರದ ಕಳ್ಳಿಯೊಂದು ವಾಲಿತ್ತು; ಅದರ ತುದಿ ಕತ್ತರಿಸಬೇಕಿತ್ತು. “ಏ, ಸ್ವಲ್ಪ ಹಿಡ್ಕೊ ಬಾರೇ” ಎಂದು ಅವಳನ್ನು ಕರೆದ. ಚಾಕು ಇಳಿಯುತ್ತಲೇ ಬಿಳಿ ಹಾಲು ಚಿಮ್ಮಿ ಅವಳ ಬಲಗಣ್ಣಿಗೆ ಬಿತ್ತು. ಉರಿ ತಾಳಲಾರದೆ ಅವಳು ಕೂತುಬಿಟ್ಟಳು.

“ಡಾಕ್ಟರ ಹತ್ರ ಹೋಗೋಣ ರೀ.”

“ಏನೂ ಆಗಲ್ಲ. ನನ್ನ ಕೈಗೆ ಎಷ್ಟು ಸಲ ತಾಗಿಲ್ಲ?”

ಎರಡು ಬೊಗಸೆ ನೀರು ಚಿಮುಕಿಸಿದ. ಹಿಂದಿನ ವರ್ಷ ತನಗೆಂದು ತಂದಿದ್ದ ಕಣ್ಣಿನ ಔಷಧಿಯ ಬಾಟಲಿಯನ್ನು ಹುಡುಕಿ, ಅದನ್ನೇ ಮೂರು ದಿನ ಹಾಕಿದ. ನಾಲ್ಕನೆಯ ದಿನ ರೆಪ್ಪೆ ಊದಿ ಕಣ್ಣು ತೆರೆಯಲಾಗದಿದ್ದಾಗ ಆಸ್ಪತ್ರೆಗೆ ಓಡಿದರು. ವೈದ್ಯೆ ಬಾಟಲಿಯನ್ನು ತಿರುಗಿಸಿ ನೋಡಿದರು.

“ಈ ಹಳೇ ಔಷಧಿಯಿಂದ ಕಣ್ಣಲ್ಲಿ ಹುಣ್ಣು ಜಾಸ್ತಿಯಾಗಿದೆ. ಇದನ್ನ ಹಾಕಿ ಅಂತ ಯಾರು ಹೇಳಿದ್ರು?”

ಹೆಂಡತಿಯೇ “ನಾನೇ ಹಾಕ್ಕೊಂಡೆ” ಎಂದಳು. ಹುಣ್ಣು ಮಾಗಿತು, ಆದರೆ ಕಣ್ಣಿನ ಮೇಲೆ ಬೆಳ್ಳಗೆ ಕಲೆ ಉಳಿಯಿತು. ದೃಷ್ಟಿ ಮರಳಲಿಲ್ಲ.

ಒಂದೇ ಕಣ್ಣಲ್ಲಿ ಸೂಜಿ ಎಲ್ಲಿ ಇಳಿಯುತ್ತದೆಂದು ಅಂದಾಜು ಸಿಗುತ್ತಿರಲಿಲ್ಲ. ಹೊಲಿಗೆ ಅಡ್ಡಾದಿಡ್ಡಿಯಾಯಿತು. ದರ್ಜಿಗಳು ಬಟ್ಟೆ ಕಳಿಸುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ಉಳಿದದ್ದು ಸಿದ್ಧವಾದ ಬಟ್ಟೆಗಳಿಂದ ದಾರದ ತುದಿ ಕತ್ತರಿಸುವ ಕೆಲಸ. ಅವಳು ಅಳಲಿಲ್ಲ, ಅವನನ್ನು ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಉಸಿರಾಡುವಷ್ಟು ಜಾಗವಾದರೂ ಸಿಗುತ್ತಿತ್ತು.

ಅವನು ತಾರಸಿಗೆ ಹತ್ತುವುದನ್ನು ಬಿಟ್ಟ. ತಾವಾಗಿಯೇ ಒಣಗಿ ಸಾಯಲಿ ಎಂದುಕೊಂಡ. ಐದು ತಿಂಗಳ ಮೇಲೆ ಹೋಗಿ ನೋಡಿದರೆ ಒಂದೂ ಸತ್ತಿರಲಿಲ್ಲ. ತುಸು ಸುಕ್ಕುಗಟ್ಟಿ, ಹಸಿರಾಗಿಯೇ ನಿಂತಿದ್ದವು. ಮರುದಿನ ರಜೆ ಹಾಕಿ, ಕೈಗವಸು ತೊಟ್ಟು, ಎಲ್ಲವನ್ನೂ ಕಿತ್ತು ಗೋಣಿಚೀಲಗಳಲ್ಲಿ ತುಂಬಿ ಕಸದ ಗಾಡಿಗೆ ಹಾಕಿದ. ಮೆಟ್ಟಿಲ ಮೇಲೆ ಸೋರಿದ ಹಾಲನ್ನು ಮಂಡಿಯೂರಿ ಉಜ್ಜುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು.

“ಎಲ್ಲಾ ಕಿತ್ತು ಹಾಕಿದ್ರಾ?”

“ಹ್ಞೂಂ. ಇನ್ನು ಒಂದೂ ಇಲ್ಲ.”

“ಅವೇನ್ ಮಾಡಿದ್ವು ರೀ? ಏನೂ ಆಗಲ್ಲ ಅಂದಿದ್ದು ಅವಲ್ಲ.”

ದನಿ ಏರಿಸದೆ ಇಷ್ಟು ಹೇಳಿ ಅವಳು ಒಳಗೆ ಹೋದಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಅವನು ಉಳಿದ ಮೆಟ್ಟಿಲುಗಳನ್ನು ಉಜ್ಜಿ ಮುಗಿಸಿದ.

ನಿವೃತ್ತನಾದ ಮೇಲೆ ಅವನೂ ಅವಳ ಎಡಕ್ಕೆ ಕೂತು ದಾರ ಕತ್ತರಿಸತೊಡಗಿದ. ಬಲಗಡೆ ಕೂತರೆ ಅವಳು ಬೆಚ್ಚಿಬೀಳುತ್ತಿದ್ದಳು. ಅವನು ಮಾಡಿಟ್ಟ ಬಟ್ಟೆಯನ್ನೆಲ್ಲ ಅವಳು ಬೆರಳಿನಿಂದ ಸವರಿ ನೋಡಿ, ಬಿಟ್ಟುಹೋದ ದಾರ ಸಿಕ್ಕಿದರೆ ಅವನ ಮಡಿಲಿಗೆ ವಾಪಸು ಹಾಕುತ್ತಿದ್ದಳು.