ಮೊಮ್ಮಗಳ ಅಂಗುಳು ಅಗಲಿಸಿದ ಅಂದಾನಯ್ಯ

ಹೊಣಕೆರೆಯ ಅಂದಾನಯ್ಯ ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವರು. ಎತ್ತಿನ ತುಟಿ ಮಡಚಿ ಒಮ್ಮೆ ನೋಡಿದರೆ ಸಾಕು, ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಹೇಳಿಬಿಡುತ್ತಿದ್ದರು. ಸುಳ್ಳು ವಯಸ್ಸು ಹೇಳಿ ಮಾರಲು ಬಂದವರು ಅವರನ್ನು ಕಂಡರೆ ಎತ್ತು ಹೊಡೆದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ಆದರೂ ಒಂಬತ್ತು ವರ್ಷದ ಮೊಮ್ಮಗಳು ಪೂಜಳ ಬಾಯನ್ನು ಅವರು ಸರಿಯಾಗಿ ನೋಡಿರಲಿಲ್ಲ. ಅವಳು ಹಲ್ಲು ಕಚ್ಚಿದಾಗ ಗದ್ದ ಪಕ್ಕಕ್ಕೆ ಜಾರುತ್ತದೆಂದು ಮೊದಲು ಗಮನಿಸಿದ್ದು ಶಾಲೆಗೆ ತಪಾಸಣೆಗೆ ಬಂದಿದ್ದ ದಂತವೈದ್ಯೆ.

ಶ್ರೀರಂಗಪಟ್ಟಣದ ತಮ್ಮ ಕ್ಲಿನಿಕ್ಕಿನಲ್ಲಿ ಆ ಡಾಕ್ಟರಮ್ಮ, ಮಗುವಿನ ಮೇಲ್ದವಡೆ ಕಿರಿದಾಗಿದೆ, ಅಗಲಿಸಬೇಕು ಎಂದರು. ಅಂಗುಳಿಗೆ ಅಡ್ಡಲಾಗಿ ಉಕ್ಕಿನ ಸಾಧನವೊಂದನ್ನು ಕೂರಿಸಿ ಎರಡೂ ಕಡೆಯ ದವಡೆಹಲ್ಲಿಗೆ ಅಂಟಿಸಿದರು. ಅದರ ನಡುವೆ ಪುಟ್ಟ ತಿರುಪು. ಬೆಳಿಗ್ಗೆ, ಸಂಜೆ ತಂತಿಯಂಥ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಬೇಕು.

ಮೊದಲ ದಿನ ಪೂಜಳ ತಾಯಿ ಹೇಮ ಕೀಲಿಯನ್ನು ಮಾವನ ಕೈಗೆ ಕೊಟ್ಟಳು. "ನನ್ ಕೈಲಾಗಲ್ಲ ಮಾವ, ನೀವೇ ತಿರುಗ್ಸಿ."

ಅಂದಾನಯ್ಯ ಮೊಮ್ಮಗಳನ್ನು ಜಗಲಿಯ ಬೆಳಕಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡರು. "ಬಾಯ್ ತಗಿಯವ್ವ... ಅಂಗೇ. ಅಲ್ಲಾಡ್ಬೇಡ." ಕೀಲಿಯನ್ನು ತೂತಿಗೆ ತೂರಿಸಿ ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ನೋವಾಯ್ತಾ?"

"ಮೂಗಿನ್ ತಾವ ಬಿಗ್ದಂಗಾಯ್ತದೆ ತಾತ."

ಎರಡು ನಿಮಿಷಕ್ಕೆ ಅದೂ ಹೋಯಿತು.

ಎಂಟನೆಯ ಬೆಳಿಗ್ಗೆ ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು ಬಿಟ್ಟಿತ್ತು. ಅಂದಾನಯ್ಯ ತಾನೇ ಕೆಡಿಸಿದೆನೆಂದುಕೊಂಡು ಮೊದಲ ಬಸ್ಸಿಗೇ ಮಗುವನ್ನು ಕರೆದೊಯ್ದರು.

ಡಾಕ್ಟರಮ್ಮ ನಕ್ಕು ಎಕ್ಸ್‌ರೇ ತೋರಿಸಿದರು. "ನೀವು ಹಲ್ಲು ಕೆಡಿಸಿಲ್ಲ, ಮೂಳೆ ಬಿಡಿಸಿದ್ದೀರಿ. ಅಂಗುಳು ಎರಡು ಭಾಗ, ನಡುವೆ ಹೊಲಿಗೆ ಥರ ಒಂದು ಗೆರೆ. ಅದು ತೆರೆದಿದೆ, ನೋಡಿ. ಅಲ್ಲಿ ಹೊಸ ಮೂಳೆ ತುಂಬುತ್ತೆ. ಹಲ್ಲುಗಳೂ ತಾವಾಗೇ ಕೂಡ್ಕೊಳ್ತವೆ."

ಆ ಕಪ್ಪು ಗೆರೆಯ ಮೇಲಿಟ್ಟ ಬೆರಳನ್ನು ಅಂದಾನಯ್ಯ ಎಷ್ಟೋ ಹೊತ್ತು ತೆಗೆಯಲಿಲ್ಲ. "ಈ ಕೈಯಾಗಾ ಆಗಿದ್ದು? ಮಗು ಅಳ್ನೇ ಇಲ್ವಲ್ಲ! ನನ್ಗೂ ಆಯ್ತದಾ ತಾಯಿ?"

"ನಿಮ್ಮದು ಎಂದೋ ಬೆಸೆದುಹೋಗಿದೆ. ಅದಕ್ಕೇ ಎಳೇ ವಯಸ್ಸಲ್ಲಿ ಮಾಡೋದು."

ಹಿಂತಿರುಗುವಾಗ ಬಸ್ಸು ಪಾಂಡವಪುರ ದಾಟುವವರೆಗೂ ಅವರು ನಾಲಿಗೆಯಿಂದ ತಮ್ಮ ಅಂಗುಳು ಸವರಿಕೊಳ್ಳುತ್ತಲೇ ಇದ್ದರು.

ಮರುವಾರ ತಿರುಗಿಸುವುದು ನಿಂತಿತು. ಹೊಸ ಮೂಳೆ ಗಟ್ಟಿಯಾಗಲೆಂದು ಸಾಧನ ಮಾತ್ರ ಆರು ತಿಂಗಳು ಬಾಯಲ್ಲೇ ಉಳಿಯಿತು. ಯಾರೂ ಮುಟ್ಟದೆ, ಯಾವ ತಂತಿಯೂ ಎಳೆಯದೆ, ಬೇರೆಯಾದ ಹಲ್ಲುಗಳು ಒಂದರ ಕಡೆಗೊಂದು ಸರಿದುಬಂದವು. ಅಂದಾನಯ್ಯ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ನೋಡಿದರು.

ಪಕ್ಕದ ಮನೆಯ ನಂಜಪ್ಪ ರೇಗಿಸಿದ: "ಏನ್ಲಾ ಅಂದಾನಿ, ಮೊಮ್ಮಗೀಗ್ ಎಷ್ಟ್ ಹಲ್ಲಾಗವೆ?"

"ನಗ್ಬೇಡ ಕಣ್ಲಾ. ಎತ್ತಿಗೆ ಮೇಲ್ಗಡೆ ಮುಂದಿನ್ ಹಲ್ಲೇ ಇಲ್ಲ. ನಲ್ವತ್ ವರ್ಸ ನಾನ್ ನೋಡಿದ್ದು ಅರ್ಧ ಬಾಯಿ. ಮಿಕ್ಕಿದ್ದ ಈಗ ನೋಡ್ತಾವ್ನಿ."

ಸಾಧನ ತೆಗೆದ ದಿನ ಮೇಲಿನ ಹಲ್ಲುಗಳು ಎರಡೂ ಕಡೆ ಕೆಳಗಿನವುಗಳ ಮೇಲೆ ಸರಿಯಾಗಿ ಕೂತವು. ಬಸ್‌ಸ್ಟ್ಯಾಂಡಿನಲ್ಲಿ ತಾತ ಕೊಡಿಸಿದ ಸುಟ್ಟ ಜೋಳ ಕಚ್ಚುತ್ತ ಪೂಜ ನಡುವೆ ಅಗಿಯುವುದನ್ನು ನಿಲ್ಲಿಸಿದಳು.

"ತಾತ, ನಾಲ್ಗೆ ಎಲ್ಲಿಡ್ಬೇಕೋ ಗೊತ್ತಾಯ್ತಿಲ್ಲ. ಒಳ್ಗೆ ಅಷ್ಟ್ ಜಾಗ ಆಗ್ಬುಟ್ಟದೆ!"