ಅತ್ತೆಯ ಹುಟ್ಟುಗಪ್ಪು ಕೂದಲು

ಕಪ್ಪು ಕೂದಲು ಕಂದು ಆಗಲಾರದು ಎಂದವಳು ನನ್ನ ಸೋದರತ್ತೆ, ಕುರುಗೋಡಿನವಳು. ಸಿರುಗುಪ್ಪದ ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಅದಾದ ಮೇಲೆ ಬಳ್ಳಾರಿಯಲ್ಲಿ ಕೂದಲಿಗೆ ಬಣ್ಣ ಹಾಕುವ ಕೋರ್ಸಿಗೆ ಸೇರಿದೆನೆಂದು ಕೇಳಿ ಅತ್ತೆ ಬಸ್ಸು ಹತ್ತಿ ಬಂದಳು.

“ಬಿ.ಎ. ಓದಿದ್ದು ಮಂದಿ ತಲಿ ತೊಳಿಯಾಕೇನಲೇ? ನಮ್ಮ ಕರೇ ಕೂದಲಾ ಕಂದು ಆಗಂಗಿಲ್ಲ ಬಿಡು. ಕಾಗಿ ತೊಳದ್ರ ಬೆಳ್ಳಕ್ಕಿ ಆಗತೈತೇನು?”

“ಬೆಳ್ಳಕ್ಕಿ ಬ್ಯಾಡತ್ತಿ, ಬೆಲ್ಲದ ಬಣ್ಣ ಬಂದ್ರ ಸಾಕು.”

ಕೂದಲಿನ ವಿಷಯದಲ್ಲಿ ಅವಳದೇ ಕೊನೆಯ ಮಾತು. ಅರವತ್ತು ಹತ್ತಿರ ಬಂದರೂ ಒಂದು ಬಿಳಿ ಎಳೆಯಿಲ್ಲ. “ಹುಟ್ಟಾ ಕರೇ ಅದಾವ್ರಿ, ಕೊಬ್ಬರಿ ಎಣ್ಣಿ ಬಿಟ್ಟು ಏನೂ ಮುಟ್ಟಿಸಿಲ್ಲ” ಎಂದು ಊರಿಗೆಲ್ಲ ಹೇಳುತ್ತಿದ್ದಳು. ಅವಳ ಬಚ್ಚಲಿನ ಗೂಡಿನಲ್ಲಿ, ಸೀಗೆಕಾಯಿ ಡಬ್ಬಿಯ ಹಿಂದೆ, ಕಪ್ಪು ಮೆಹಂದಿಯ ಪೊಟ್ಟಣ ಇರುವುದು ನನಗೆ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ. ಅಂಥ ಗುಟ್ಟು ಸಮಯಕ್ಕೆ ಬರುತ್ತದೆ.

ಪರೀಕ್ಷೆಗೆ ಬಣ್ಣ ಹಾಕಿಸಿಕೊಳ್ಳುವವರನ್ನು ನಾವೇ ಕರೆತರಬೇಕು. ಕಪ್ಪು ಕೂದಲನ್ನು ಬೆಚ್ಚನೆಯ ಕಂದು ಮಾಡಿ ತೋರಿಸಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಕೋರ್ಸು. ಅತ್ತೆಯ ಸೊಸೆ ತಾನೇ ಒಪ್ಪಿ ಬಂದಳು. ಹಿಂದೆಯೇ ಅತ್ತೆಯೂ ಬಂದಳು. ಬಳ್ಳಾರಿಯ ಕೌಲ್ ಬಜಾರಿನ ಗದ್ದಲದಲ್ಲಿ ಆಟೋ ಸಿಕ್ಕಿಬಿದ್ದಾಗಲೇ ಅವಳಿಗೆ ಹೆದರಿಕೆ ಶುರುವಾಗಿತ್ತಂತೆ.

“ಸೊಸಿ ಕೂದಲಾ ಕೆಟ್ರ ಬೀಗರಿಗೆ ಏನು ಹೇಳ್ಲಿ? ನನ್ನ ತಲಿ ತಗೋ. ಹೆಂಗೂ ಬಣ್ಣ ಹತ್ತಂಗಿಲ್ಲ!” ಎಂದು ಕುರ್ಚಿಯಲ್ಲಿ ಕೂತೇಬಿಟ್ಟಳು.

ಪರೀಕ್ಷೆ ನಡೆಸುವ ಮೇಡಂ ಎದುರಿಗೇ ನಿಂತಿದ್ದರು. ಮೊದಲು ನಾಲ್ಕು ಎಳೆ ಕತ್ತರಿಸಿ ಕಪ್ಪು ತೆಗೆಯುವ ಮದ್ದಿನ ಬಟ್ಟಲಿನಲ್ಲಿ ಅದ್ದಿ ನೋಡುವುದು ನಮ್ಮ ಪದ್ಧತಿ. ಅದ್ದಿದೆ. ಎಳೆ ಕಪ್ಪಾಗಿಯೇ ಉಳಿಯಿತು, ಬಟ್ಟಲು ಮಾತ್ರ ಬಿಸಿಯಾಯಿತು. ಕಪ್ಪು ಮೆಹಂದಿಯ ಪುಡಿ ಕುಡಿದ ಕೂದಲಿನ ಲಕ್ಷಣವೇ ಅದು. ಆ ತಲೆಗೆ ಕೈ ಹಚ್ಚಿದರೆ ನಾನು ಫೇಲು. ಬಾಯಿ ಬಿಟ್ಟರೆ ಸೊಸೆಯ ಮುಂದೆ ಅತ್ತೆಯ ಮಾನ ಹೋಗುತ್ತದೆ.

ಬ್ರಷ್ ಕೈಗೆತ್ತಿಕೊಂಡು ಗಟ್ಟಿಯಾಗಿ ಹೇಳಿದೆ: “ಮೇಡಂ, ಇವರದು ಹುಟ್ಟಾ ಕರೇ. ಮೆಹಂದಿ ಹಚ್ಚಿದವ್ರಿಗಷ್ಟ ನೆತ್ತಿ ಸುಡತೈತಿ. ನಮ್ಮತ್ತಿಗೇನು ಭಯಾ?”

ಬ್ರಷ್ ನೆತ್ತಿಯ ಹತ್ತಿರ ಬರುವುದರೊಳಗೆ ಅತ್ತೆ ಎದ್ದು ನಿಂತಿದ್ದಳು.

“ತಡೀಲೇ! ಸೊಂಟ ಹಿಡದೈತಿ. ಇಷ್ಟೊತ್ತು ಕುಂದ್ರಾಕ ಆಗಂಗಿಲ್ಲ. ಯವ್ವಾ, ನೀನ ಕುಂದ್ರು.”

ಸೊಸೆ ನಗು ನುಂಗಿಕೊಂಡು ಕೂತಳು. ಅವಳ ಎಳೆ ಅದ್ದಿದೆ, ಬಣ್ಣ ತಿಳಿಯಾಯಿತು. ನೆತ್ತಿಯ ಕಾವಿಗೆ ಬುಡ ಬೇಗ ಕೆಂಪಗಾಗುತ್ತದೆ, ಆದ್ದರಿಂದ ಮೊದಲು ಉದ್ದಕ್ಕೆ ಹಚ್ಚಿ, ಬುಡವನ್ನು ಕಡೆಗೆ ಬಿಟ್ಟೆ. ಕಪ್ಪು ತಿಳಿಯಾಗುವಾಗ ತಾಮ್ರದ ಬಣ್ಣ ಹಣಕುತ್ತದೆ. ಕಲಿಯುವ ಹೊಸತರಲ್ಲಿ ಅದನ್ನು ಅಡಗಿಸಲು ಒದ್ದಾಡುತ್ತಿದ್ದೆ. ಈಗ ಅದನ್ನೇ ಬೇಕಾದಷ್ಟು ಉಳಿಸಿಕೊಂಡೆ. ತೊಳೆದು ಒಣಗಿಸಿ ಬಾಗಿಲ ಬಿಸಿಲಿಗೆ ನಿಲ್ಲಿಸಿದರೆ, ಜಡೆಯುದ್ದಕ್ಕೂ ಬೆಲ್ಲದ ಪಾಕ.

ಮೇಡಂ ಕೂದಲನ್ನು ಬೆರಳಲ್ಲಿ ಎತ್ತೆತ್ತಿ ನೋಡಿದರು. ಸೊಂಟ ಹಿಡಿದಿದ್ದ ಅತ್ತೆಯೂ ಬಗ್ಗಿ ಬಗ್ಗಿ ನೋಡಿದಳು. ಸಂಜೆ ಸರ್ಟಿಫಿಕೇಟು ನನ್ನ ಕೈಗೆ ಬಂತು. ನನ್ನ ಕೈಯಿಂದ ಅತ್ತೆ ಕಸಿದುಕೊಂಡಳು. ಧೂಳಿಲ್ಲದಿದ್ದರೂ ಸೆರಗಿನಿಂದ ಒರೆಸಿದಳು. ಸೊಸೆ ಚಪ್ಪಲಿ ಮೆಟ್ಟಲು ಹೊರಗೆ ಹೋದದ್ದನ್ನು ನೋಡಿ ನನ್ನ ಕಿವಿಯ ಹತ್ತಿರ ಬಂದಳು.

“ಇನ್ನ ಮ್ಯಾಲ ನನ್ನ ತಲಿ ನೀನ ನೋಡಬೇಕು. ಆದ್ರ ಬಾಗಲಾ ಹಾಕ್ಕೊಂಡು.”