ಮುಕರ್ರಮನ ಮನಿಯ ನಾಲ್ಕು ಕಿಡಕಿ

ಮುಕರ್ರಂ ತೀರಿಕೊಂಡ ಮೂರನೇ ದಿನ, ಬುಧವಾರ, ಅವನ ಅಣ್ಣ ಜಲೀಲಸಾಬ ದೇವದುರ್ಗಕ್ಕ ಹೊರಡೋ ಮುಂದ ಬಾಗಿಲಾಗ ನಿಂತು ಒಂದು ಮಾತು ಹೇಳಿದ. "ಶುಕ್ರವಾರ ನಮಾಜ್ ಮುಗಿಸಿ ಬರ್ತೀನಿ. ಅಷ್ಟರಾಗ ಈ ಕಿಡಕಿಗೆಲ್ಲ ಪರದಿ ಬಿದ್ದಿದ್ರ ಸುಗ್ರಾ ಇಲ್ಲೇ ಕೂಡಲಿ. ಇಲ್ಲಂದ್ರ ನಮ್ಮ ಮನಿಗೆ ಕರಕೊಂಡು ಹೋಗತೀನಿ."

ಅವರಲ್ಲಿ ಗಂಡ ಸತ್ತಾಕಿ ನಾಲ್ಕು ತಿಂಗಳಾ ಹತ್ತು ದಿನ ಇದ್ದತ್ ಕೂಡ್ತಾಳ. ಮನಿ ಬಿಟ್ಟು ಹೊರಗ ಹೋಗಂಗಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳಂಗಿಲ್ಲ. ಗಂಡನ ಮನಿಯಾಗೇ ಕೂಡೋದು ಪದ್ಧತಿ. ಸುಗ್ರಾ ಬೇಗಂಗೂ ಅದೇ ಬೇಕಾಗಿತ್ತು. ಮಕ್ಕಳಿಲ್ಲ. ಇಪ್ಪತ್ತೆಂಟು ವರ್ಷ ಬಾಡಿಗಿ ಮನಿ ಬದಲಿ ಮಾಡಿ ಮಾಡಿ, ಕಡೀಕ ರಾಯಚೂರಾಗ ನಮ್ಮ ಓಣ್ಯಾಗ ಗಂಡಾ ಹೆಂಡತಿ ಕಟ್ಟಿಸಿಕೊಂಡ ಮನಿ ಅದು. ಎರಡು ವರ್ಷ ಆಗಿತ್ತು, ಅಷ್ಟೇ.

ಜಲೀಲಸಾಬನ ಜೀಪು ಹೋದ ಮ್ಯಾಲ ಆಕಿ ನನ್ನ ಕೈ ಹಿಡಕೊಂಡಳು. "ಗೋಪಕ್ಕ, ಒಮ್ಮಿ ಈ ಹೊಸ್ತಲಾ ದಾಟಿದೆ ಅಂದ್ರ ನನ್ನ ತಿರುಗಿ ಕಳಸಂಗಿಲ್ಲ. ಬರದಿಟ್ಟುಕೋ."

ಚಾದರ ಕಟ್ಟಿದ್ರ ಮುಗೀತಲ್ಲ ಅಂತ ನನಗೂ ಮೊದಲು ಅನಿಸಿತ್ತು. ಕಟ್ಟಿಗಿ ಕಿಡಕಿ ಆಗಿದ್ರ ಎರಡು ಮೊಳಿ, ಒಂದು ದಾರ. ಇವು ಪ್ಲಾಸ್ಟಿಕ್ ಚೌಕಟ್ಟಿನವು, ಬೆಳ್ಳಗ, ನುಣ್ಣಗ, ಆಳೆತ್ತರದ ಗಾಜು. ಕಟ್ಟಾಕ ಒಂದು ಸರಳು ಸೈತ ಇಲ್ಲ, ಗ್ವಾಡಿಗೆ ಮೊಳಿ ಇಳಿಯಂಗಿಲ್ಲ. ಮೂಲಿ ಮನಿ, ಎರಡು ಕಡಿ ರಸ್ತಾ. ಜಲೀಲಸಾಬ ಹೊರಡೋ ಹಿಂದಿನ ದಿನ ಟೇಪು ಹಚ್ಚಿ ಚಾದರ ಅಂಟಿಸಿದ್ವಿ; ಮೇ ತಿಂಗಳ ಬಿಸಿಲಿಗೆ ಅಂಟು ಕರಗಿ ಮಧ್ಯಾಹ್ನದೊಳಗ ನೆಲಕ್ಕ ಬಿತ್ತು. ಅವ ಸಿಟ್ಟಿಗೆದ್ದು ಮುಂದಿನ ಹಾಲಿನ ಕಿಡಕಿ ಚೌಕಟ್ಟಿಗೇ ಮೊಳಿ ಇಟ್ಟು ಸುತ್ತಿಗಿಲೆ ಹೊಡದ. ಅದು ಒಳಗ ಪೊಳ್ಳು. ಎರಡನೇ ಏಟಿಗೆ ಮೂಲಿ ಒಡೀತು, ಗಾಜು ಅಡ್ಡಕ್ಕ ಸೀಳಿತು. "ಇದು ಮನಿ ಅಲ್ಲ, ಬಳಿ ಅಂಗಡಿ ಶೋಕೇಸು," ಅಂದು ಸುತ್ತಿಗಿ ಒಗದ.

ಸತ್ತವ ಇದನ್ನ ನೋಡಿದ್ರ ಏನಂತಿದ್ದನೋ. ಊರ ಮಂದಿ ಕಿಡಕಿಗೆ ಪರದಿ ಹಾಕೋದೇ ಅವನ ಕಸಬು ಆಗಿತ್ತು.

ಮುಕರ್ರಂ ಮಾನ್ವಿಯವ. ಅವರಪ್ಪ ಬಿದಿರು ಸೀಳಿ, ನೂಲಿಲೆ ಹೆಣದು ಚಿಕ್ಕಿನ ಪರದಿ ಮಾಡತಿದ್ದ. ಬ್ಯಾಸಗ್ಯಾಗ ಕಚೇರಿ ಬಾಗಿಲಿಗೆ, ದೊಡ್ಡೋರ ಪಡಸಾಲಿಗೆ ಇಳಿಬಿಟ್ಟು ನೀರು ಚಿಮಕಸ್ತಿದ್ರಲ್ಲ, ಅಂಥವು. ನಾನು ಕಲ್ಲೂರಿನಾಕಿ. ಸಣ್ಣಾಕಿದ್ದಾಗ ಮಾನ್ವಿ ಸಂತಿಗೆ ಹೋದ್ರ, ಆ ಮುದುಕ ಕಾಲಿನ ಹೆಬ್ಬಟ್ಟಿಗೆ ನೂಲು ಸುತ್ತಿಕೊಂಡು ಅಂಗಡಿ ಮುಂದ ಕೂತಿರತಿದ್ದ. ಆಗ ಅವನಿನ್ನೂ ಮುದುಕ ಅಲ್ಲ. ನನಗ ಮುದುಕನಂಗ ಕಾಣತಿದ್ದ. ಚಿಕ್ಕಿನ ಕಾಲ ಮುಗದ ಮ್ಯಾಲ ಮಗ ಹೈದರಾಬಾದಿಗೆ ಹೋಗಿ, ಮಣಿ ಸರಪಳಿ ಎಳದ್ರ ಸುತ್ತಿಕೊಂಡು ಮ್ಯಾಲೇರೋ ಹೊಸ ನಮೂನಿ ಪರದಿ ಕಲತು ಬಂದ.

ಅವನ ಕೆಲಸ ನಿಧಾನ. ಯಾರ ಮನಿಗೆ ಹೋದ್ರೂ ಮೊದಲು ಅಳತಿ ಟೇಪು ತಗೀತಿರಲಿಲ್ಲ. ಒಂದು ಚಾ ಕುಡಿಯೋ ಹೊತ್ತು ಸುಮ್ಮನ ಆ ಕೋಣ್ಯಾಗ ಕೂಡತಿದ್ದ. "ನೀವು ಮಲಗೋದು ಯಾವ ಕಡಿ? ಬಿಸಿಲು ಬರೋದು ಎಷ್ಟು ಗಂಟೆಗೆ?" ಅಂತ ಕೇಳತಿದ್ದ. ಆಮ್ಯಾಲ ಮ್ಯಾಲ, ನಡಕ, ಕೆಳಗ ಮೂರು ಕಡಿ ಅಳತಿ ಹಿಡದು, ಗ್ವಾಡಿ ಮ್ಯಾಲ ಸೀಸದ ಕಡ್ಡಿಲೆ ಗೀಟು ಹಾಕತಿದ್ದ. ಪ್ಲಾಸ್ಟಿಕ್ ಚೌಕಟ್ಟಿಗೆ ಎಂದೂ ತೂತು ಹೊಡೀಲಿಲ್ಲ. "ಅದರ ಹೊಟ್ಟ್ಯಾಗ ಮಳಿ ನೀರು ಹರಿಯೋ ದಾರಿ ಅದ ಯವ್ವಾ. ತೂತು ಬಿದ್ರ ನೀರು ಮನಿಗೆ ಬರ್ತದ. ಗ್ವಾಡಿಗೇ ಹೊಡೀಬೇಕು," ಅಂತಿದ್ದ. ಆ ಸೋಮವಾರ ಶಕ್ತಿನಗರದಾಗ ಒಂದು ಕ್ವಾರ್ಟರ್ಸಿನ ಕೆಲಸ ಮುಗಿಸಿ, ಬಿಸಿಲಾಗ ಬೈಕ್ ಮ್ಯಾಲ ಬಂದು, ಎದಿ ಒತ್ತತದ ಅಂತ ಮಲಗಿದವ ಏಳಲಿಲ್ಲ. ಐವತ್ನಾಲ್ಕು ವರ್ಷ.

"ನಮ್ಮ ಮನಿವೂ ಕತ್ತರಿಸಿ ಇಟ್ಟಾನ," ಅಂದಳು ಸುಗ್ರಾ. "ನಾಳಿ ಹಾಕ್ತೀನಿ, ನಾಳಿ ಹಾಕ್ತೀನಿ ಅಂತ ಎರಡು ವರ್ಷ. ಮಂಚದ ಕೆಳಗ ಅದಾವ ನೋಡು."

ಗುರುವಾರ ಮುಂಜಾನೆ ಅವನ ಜೋಡಿ ಕೆಲಸ ಮಾಡತಿದ್ದ ಕಿರಣಕುಮಾರ ಡ್ರಿಲ್ ಮಷೀನು ತಂದ. ಅವ ಒಳಗ ಬಂದ್ರ ಒಂದು ತಾಸಿನ ಕೆಲಸ. ಸುಗ್ರಾ ಒಪ್ಪಲಿಲ್ಲ. ಒಂದು ಹಾಲು, ಒಂದು ಕೋಣಿ, ಬಾಗಿಲಿಲ್ಲದ ಅಡಗಿಮನಿ, ಎಲ್ಲಿ ಕೂಡಬೇಕು? "ಗಂಡಸನ್ನ ಒಳಗ ಬಿಟ್ಕೊಂಡಳು ಅನ್ನೋ ನೆಪ ಸಾಕು ಭಾಯಿಗೆ."

"ಹಂಗಾರ ನಾನು ಹಾಕ್ತೀನಿ," ಅಂದೆ.

"ನೀನಾ? ನಿನಗ ಅರವತ್ತೆಂಟು!"

"ಹದಿನೆಂಟು ವರ್ಷ ಕಟ್ಟಡದ ಕೆಲಸಕ್ಕ ಹೋಗೀನಿ. ಬುಟ್ಟಿ ಹೊತ್ತೀನಿ, ಯಾರೂ ಕರಣಿ ಕೈಯಾಗ ಕೊಡಲಿಲ್ಲ. ಇವತ್ತು ಹಿಡೀತೀನಿ ತಗೋ."

ಕಿರಣಕುಮಾರ ಹೊರಗ ಕಿಡಕಿಗೆ ಬೆನ್ನು ಮಾಡಿ ನಿಂತ. ನಾನು ಒಳಗ ಸ್ಟೂಲು ಹತ್ತಿದೆ. ಸುಗ್ರಾ ಗ್ವಾಡಿಗೆ ಒತ್ತಿ ಕೂತು ನನ್ನ ಎರಡೂ ಕಾಲು ಹಿಡಕೊಂಡಳು.

"ಅಮ್ಮಾರ, ಒತ್ತಬ್ಯಾಡ್ರಿ! ಮಷೀನು ತಾನೇ ತಿಂತದ, ಸುಮ್ಮನ ಹಿಡೀರಿ!"

"ಅದು ನನ್ನ ತಿನ್ನಾಕತ್ತದಲ್ಲೋ ಯಪ್ಪಾ!"

ಸುಗ್ರಾ ಕೆಳಗಿಂದ ಪಿಸುಗುಟ್ಟಿದಳು: "ಅವ ಈ ಕಡಿ ತಿರುಗಬಾರದು ಅಂತ ಹೇಳು."

ಹೇಳಿದೆ. "ನಾನು ಯಾರನ್ನೂ ನೋಡಾಕತ್ತಿಲ್ರೀ," ಅಂದ ಅವ. "ಎದುರು ಮನಿ ನಾಯಿ ನನ್ನ ನೋಡಾಕತ್ತದ. ಮೂರು ಸಲ ಗುರ್ ಅಂತು."

ಸುಗ್ರಾ ನಕ್ಕುಬಿಟ್ಟಳು. ನಕ್ಕವಳೇ ಓಢಣಿ ಬಾಯಿಗೆ ತುರುಕಿಕೊಂಡಳು. ಆಮ್ಯಾಲ ಅತ್ತಿದ್ದು ಎಷ್ಟು ಹೊತ್ತೋ. ನಾನು ಸ್ಟೂಲು ಬಿಟ್ಟು ಇಳೀಲಿಲ್ಲ, ಇಳಿದ್ರ ನಾನೂ ಕೂತು ಬಿಡತಿದ್ದೆ.

ಕಿಡಕಿ ಮ್ಯಾಲಿನ ಗ್ವಾಡಿಗೆ ಮುಕರ್ರಮನ ಗೀಟು ಇದ್ದವು. ಸಣ್ಣ ಕೂಡಿಸೋ ಚಿಹ್ನಿ, ಪಕ್ಕಕ್ಕ ಉರ್ದೂ ಅಂಕಿ. ಎಲ್ಲಿ ಹೊಡೀಬೇಕು ಅಂತ ಕಿರಣಕುಮಾರನ್ನ ಕೇಳೋ ಕೆಲಸಾನ ಬೀಳಲಿಲ್ಲ. ಗೀಟಿನ ಮ್ಯಾಲೇ ಡ್ರಿಲ್ ಇಟ್ಟೆ. ಅದು ತಿರುಗಿದಂಗ ಗೀಟು ಪುಡಿ ಆಗಿ ನನ್ನ ಸೆರಗಿನ ಮ್ಯಾಲ ಬಿತ್ತು. ಪ್ಲಗ್ ತುರುಕಿ, ಸ್ಕ್ರೂ ತಿರುವಿ, ಪರದಿ ಸಿಗಿಸಿದೆ. ಸಂಜಿ ಅಷ್ಟೊತ್ತಿಗೆ ಕೋಣಿದು ಎರಡು, ಅಡಗಿಮನಿದು ಒಂದು ಮುಗಿದ್ವು. ಸರಪಳಿ ಎಳದ್ರ ಸರ್ರ್ ಅಂತ ಇಳದು ಕೋಣಿ ಕತ್ತಲಾತು.

ನಾಲ್ಕನೇದು ಹಾಲಿನ ದೊಡ್ಡ ಕಿಡಕಿ. ಮಂಚದ ಕೆಳಗ ನೋಡಿದ್ರ ಪರದಿ ಇಲ್ಲ.

ಮೂರು ಪರದಿ ಬಿಚ್ಚುವಾಗ ಗುರುತು ಹಿಡದಿದ್ದೆ: ಬೂದಿ ಬಣ್ಣ, ನಡಕ ಬಿಳಿ ಎಳಿ. ಹೋದ ವರ್ಷ ನನ್ನ ಕಣ್ಣಿನ ಪರೆ ತಗದಾಗ, ದವಾಖಾನಿಂದ ಬಂದ ದಿನಾನ ಮುಕರ್ರಂ ನಮ್ಮ ಮನಿಗೆ ಇದೇ ಬಣ್ಣದ ಪರದಿ ಹಾಕಿ ಹೋಗಿದ್ದ. "ಬೆಳಕು ಚುಚ್ಚಬಾರದು ಯವ್ವಾ. ಇದು ಉಳಿದ ತುಂಡು, ಯಾರಿಗೂ ಬ್ಯಾಡಾದದ್ದು," ಅಂದಿದ್ದ.

"ಸುಗ್ರಾ, ಅದು ನಮ್ಮ ಮನ್ಯಾಗ ಅದ."

"ಗೊತ್ತು. ಅದರ ಬದಲಿ ಬ್ಯಾರೇದು ಕತ್ತರಿಸಿಟ್ಟಿರತಾನ ಅಂದ್ಕೊಂಡಿದ್ದೆ," ಅಂದಳು. "ಆ ದಿನ ಅದಕ್ಕ ಜಗಳಾನೂ ಆಡಿದ್ದೆ. ಊರಿಗೆಲ್ಲ ನೆರಳು ಮಾಡ್ತಿ, ನನಗಷ್ಟೇ ಬಿಸಿಲೇನು ಅಂತ. ಗೋಪಕ್ಕಗ ಒಂದೇ ಕಣ್ಣು ಚೊಲೊ ಅದ, ನಿನಗ ಎರಡು ಅದಾವ ಅಂದ."

ಓಡಿ ಹೋಗಿ ನಮ್ಮ ಕಿಡಕಿದು ಬಿಚ್ಚಿಕೊಂಡು ಬಂದೆ. ಇಟ್ಟು ನೋಡಿದ್ರ ಒಂದೂವರಿ ಗೇಣು ಸಾಲವಲ್ದು. ನಮ್ಮ ಸಣ್ಣ ಕಿಡಕಿಗೆ ಕತ್ತರಿಸಿದ್ದ. ಅದೇ ಬಣ್ಣದ ಅರಿವಿ ಹೈದರಾಬಾದಿನಿಂದ ಬರಬೇಕು, ವಾರ ಆಗ್ತದ ಅಂದ ಕಿರಣಕುಮಾರ. ಬೇರೆ ಯಾವ ಬಣ್ಣದ್ದಾದ್ರೂ ಆಗಲಿ ಅಂದ್ರ, ಅಷ್ಟು ಅಗಲದ್ದು ಕತ್ತರಿಸಾಕ ಎರಡು ದಿನ ಬೇಕಂತ. ಇದ್ದದ್ದನ್ನೇ ಹಾಕಿದ್ವಿ. ಉಳಿದ ಗಾಜಿಗೆ ಮೈದಾ ಅಂಟು ಕಾಸಿ ಪೇಪರ್ ಹಚ್ಚಿದ್ವಿ.

ಶುಕ್ರವಾರ ಜಲೀಲಸಾಬ ಬಂದ. ಸುಗ್ರಾ ಅಡಗಿಮನ್ಯಾಗ ಗ್ವಾಡಿ ಕಡಿ ಮುಖ ಮಾಡಿ ಕೂತಳು. ಅವ ಮೂರೂ ಪರದಿ ಇಳಿಸಿ ಏರಿಸಿ ನೋಡಿದ. "ಚೊಲೊ ಹಾಕೀರಿ," ಅಂದ. ಹಾಲಿಗೆ ಬಂದು ಆ ಕಿಡಕಿ ಮುಂದ ನಿಂತ. ಸೀಳಿದ ಗಾಜು, ಮೊಟಕು ಪರದಿ, ಅದರ ಬಗಲಿಗೆ ಹಳಿ ಪೇಪರು.

"ಜಲೀಲ ತಮ್ಮನ ಹೆಂಡ್ತೀನ ಹಿಂಗ ಗೋದಾಮಿನಾಗ ಇಟ್ಟಂಗ ಇಟ್ಟಾನ ಅಂತಾರವ್ವಾ ಮಂದಿ."

"ವಾರದಾಗ ಹೊಸಾದು ಬರ್ತದ್ರೀ. ರಾತ್ರಿ ನಾನು ಬಂದು ಮಲಗತೀನಿ. ಊಟ ಕೊಡ್ತೀನಿ."

"ನೀವು ಚೊಲೊ ಮಂದಿ. ಆದ್ರ ನಾಕು ತಿಂಗಳು. ಆಕಿಗೆ ಸಕ್ರಿ ಬ್ಯಾನಿ. ನಾಳಿ ಏನರ ಆದ್ರ ಕೇಳೋರು ನಿಮ್ಮನ್ನ ಕೇಳಂಗಿಲ್ಲ, ನನ್ನ ಕೇಳತಾರ." ಅವನ ದನಿ ಜೋರು ಇರಲಿಲ್ಲ. ಜೋರು ಇದ್ದಿದ್ರ ನಾನೂ ಜಗಳ ತಗೀತಿದ್ದೆ.

ಅಡಗಿಮನ್ಯಾಗಿಂದ ಸುಗ್ರಾ ಎದ್ದಳು. ಬುರ್ಖಾ ಹಾಕ್ಕೊಂಡಳು. ಎರಡು ಜೊತಿ ಅರಿವಿ, ಔಷಧ ಡಬ್ಬಿ. ನನ್ನ ಮುಂದ ಬಂದು ನಿಂತು, "ನಿನ್ನ ಪರದಿ ಬಿಚ್ಚಿಕೊಂಡು ಹೋಗು ಗೋಪಕ್ಕ, ನಿನಗ ಬಿಸಿಲು ಆಗಂಗಿಲ್ಲ," ಅಂದಳು. ಅಂಥಾದ್ದರಾಗ ಆಕಿಗೆ ನನ್ನ ಕಣ್ಣಿನ ಚಿಂತಿ. ನಾನು ಬಿಚ್ಚಲಿಲ್ಲ.

ಇದ್ದತ್ ಮುಗಿದು ಹದಿನೈದು ದಿನಕ್ಕ ನಾನೇ ಬಸ್ ಹತ್ತಿ ದೇವದುರ್ಗಕ್ಕ ಹೋದೆ. ಹೆಂಗಸರ ಕಡಿ ಒಂದು ಕೋಣ್ಯಾಗ ಇದ್ದಳು. ಕಿಡಕಿ ಅನ್ನೋದು ಮ್ಯಾಲ ಒಂದು ಗೂಡಿನಷ್ಟು. ಇಳದು ಹೋಗಿದ್ದಳು, ಆದ್ರ ಅವರು ಉಣ್ಣಾಕ ತಿನ್ನಾಕ ಏನೂ ಕಡಿಮಿ ಮಾಡಿರಲಿಲ್ಲ. ಸುಳ್ಳು ಯಾಕ ಹೇಳಲಿ.

"ಮನಿ ಹೆಂಗದ?" ಅಂದಳು.

"ಹಂಗೇ ಅದ."

"ಕಸ ಹೊಡಿಯೋರು ಯಾರು?"

"ನಾನೇ ಹೊಡೀತೀನಿ."

"ದಸರಾ ಹೋಗಲಿ, ಬಿಸಿಲು ತಗ್ಗಲಿ. ಭಾಯಿಗೆ ಹೇಳಿ ಬರ್ತೀನಿ," ಅಂದಳು. "ಹಾಲಿನ ಕಿಡಕಿಗೆ ಒಂದು ಗಾಜು ಹಾಕಿಸಿದ್ರ ಸಾಕು."

"ಬಾರವ್ವಾ," ಅಂದೆ.

ರಾಯಚೂರಿನ ಆ ಮನ್ಯಾಗ ಒಬ್ಬ ಇಂಜಿನಿಯರು ಸಂಸಾರ ಸಮೇತ ಬಂದು ಆಗಲೇ ತಿಂಗಳಾಗಿತ್ತು. ಮೂರು ವರ್ಷದ ಬಾಡಿಗಿ ಕರಾರು ಮಾಡಿಕೊಟ್ಟಿದ್ದ ಜಲೀಲಸಾಬ. ಬಂದ ವಾರದಾಗೇ ಅವರು ನಾಲ್ಕೂ ಪರದಿ ಕಿತ್ತು ಗೇಟಿನ ಹೊರಗ ಇಟ್ಟಿದ್ರು. ಇದನ್ನ ಆಕಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳದೇ, ಆಕಿ ಕೊಟ್ಟ ಚಾ ಕುಡದು, ನಾಲ್ಕು ಗಂಟೆ ಬಸ್ಸಿಗೆ ಬಂದೆ.